ಬೆಚ್ಚಗಿನ ನೆಲ

ಜೂನ್ ೨೮, ಭಾನುವಾರ

ಬಂದು ತಲುಪಿದೆವು. ಹನ್ನೊಂದು ಮಕ್ಕಳು, ನಾಲ್ಕು ಡೇರೆ, ಆರು ಕೊಡಲಿ, ನಾನು. ಹೆಸರಿಗೆ ಶಿಬಿರದ ಮುಖ್ಯಸ್ಥೆ ಸಾತು ಇದ್ದಾಳೆ, ಅಡುಗೆಗೆ ಉರ್ಹೊ ಇದ್ದಾನೆ. ಸಾತುಗೆ ಇಪ್ಪತ್ತೊಂಬತ್ತು ವರ್ಷ. ಎಂಟು ವರ್ಷದವಳಿದ್ದಾಗ ಮೂಗು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಚಾಕು ಹಿಡಿಯಲು ಕಲಿತವಳು, ಈಗ ನನಗೇ ಅಚ್ಚು ಹಾಕಿಸಿದ ಸೂಚನೆ ಕೊಡುತ್ತಾಳೆ. ಮಡಚಿ ಜೇಬಿಗಿಟ್ಟುಕೊಂಡಿದ್ದೇನೆ, ಓದಿಲ್ಲ.

ಇಲ್ಲಿ ಒಮ್ಮೆ ಬರೆದಿಟ್ಟು ಬಿಡುತ್ತೇನೆ, ಆಮೇಲೆ ಆ ಮಾತು ಎತ್ತುವುದಿಲ್ಲ. ಕಳೆದ ಬೇಸಿಗೆಯಲ್ಲಿ ಓನ್ನಿ ಎಂಬ ಹುಡುಗನ ಕೊಡಲಿ ಜಾರಿ ಅವನ ಎರಡು ಕಾಲ್ಬೆರಳು ಹೋದವು. ಆ ಹೊತ್ತಿಗೆ ನಾನು ಕೊಡಲಿ ಅಂಗಳದಲ್ಲಿರಲಿಲ್ಲ. ಮಕ್ಕಳು ಸೌದೆ ಸೀಳಲೆಂದು ಹಗ್ಗ ಕಟ್ಟಿದ ಆ ಜಾಗ ಬಿಟ್ಟು ಕೆರೆದಂಡೆಯ ಬಂಡೆಯ ಮೇಲಿನ ಬೆಂಕಿ ನೋಡಲು ಹೋಗಿದ್ದೆ. ಮೂವತ್ತೊಂದು ಬೇಸಿಗೆಯಲ್ಲಿ ಆ ಒಂದೇ ಸಲ. ಶಿಬಿರದ ಸಮಿತಿಯವರು ಚಳಿಗಾಲವೆಲ್ಲ ಕಾಫಿ ಕುಡಿದು ಕುಡಿದು ಚರ್ಚಿಸಿ, ಇನ್ನೊಂದು ಅವಘಡವಾದರೆ ಕೊಡಲಿ ಅಂಗಳ ಮುಚ್ಚುವುದು, ಹೆಲ್ವಿಯನ್ನು, ಅಂದರೆ ನನ್ನನ್ನು, ಮನೆಗೆ ಕಳಿಸುವುದು ಎಂದು ತೀರ್ಮಾನಿಸಿದರು. ಶಾಲೆಯಲ್ಲಿ ನನ್ನ ಮರಗೆಲಸದ ಕೋಣೆಗೆ ಆಗಲೇ ಕಂಪ್ಯೂಟರ್ ತಂದಿಟ್ಟು ನನಗೆ ಹೂಗುಚ್ಛ ಕೊಟ್ಟು ಕಳಿಸಿದ್ದಾರೆ. ಇದೂ ಹೋದರೆ ಮೂರನೇ ಮಹಡಿಯ ಮನೆಯಲ್ಲಿ ಕೂತು ಕೆಳಗೆ ನಿಲ್ಲಿಸಿದ ಕಾರುಗಳನ್ನು ನೋಡುವುದೊಂದೇ ನನಗುಳಿಯುವ ಕೆಲಸ. ಅದನ್ನು ನೆನೆದರೆ ಭಯವಾಗುತ್ತದೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ಆದ್ದರಿಂದ ಈ ಸಲ ಬೆಂಕಿಯನ್ನೇ ಅಂಗಳದ ಪಕ್ಕಕ್ಕೆ ತಂದಿದ್ದೇನೆ, ಪೈನ್ ಮರಗಳ ನಡುವೆ. ನಿಂತಲ್ಲಿಂದಲೇ ಎರಡೂ ಕಾಣುತ್ತವೆ. ಹುಡುಗಿಯರ ಡೇರೆಗಳೂ ಅಲ್ಲೇ ಹತ್ತಿರ.

ಉರ್ಹೊ ಸೌಟು ಹಿಡಿದುಕೊಂಡೇ ಬಂದ. "ಏನೇ ಹೆಲ್ವಿ, ಬಂಡೆ ಬಿಟ್ಟು ಇಲ್ಲಿ ಬೆಂಕಿ ಹಾಕ್ತೀಯಾ? ಇದು ಪಾಚಿ ಕೊಳೆತು ಆಗಿರೋ ಮಣ್ಣು. ಒಣಗಿದ್ರೆ ಸೌದೆ ಥರಾನೇ ಉರಿಯತ್ತೆ."

"ಮೇಲೆ ಮರಳು ಸುರೀತೀನಿ. ಅದರ ಮೇಲೆ ಚಪ್ಪಡಿ ಹಾಸ್ತೀನಿ."

"ಕೆಳಗಿಂದ ಹತ್ಕೊಂಡ್ರೆ?"

"ನೀನು ನಿನ್ನ ಬಟಾಣಿ ಸೂಪು ತಳ ಹತ್ತದೇ ಇರೋ ಹಾಗೆ ನೋಡ್ಕೋ, ಸಾಕು."

ಮಕ್ಕಳೆಲ್ಲ ನಕ್ಕರು. ಉರ್ಹೊನೂ ನಕ್ಕ. ಸಾತು ಬಂದು, "ಜಾಗ ಸರಿಯಿದೆ ಅಂತ ನಿಮಗನ್ನಿಸಿದ್ರೆ ಸರಿ, ಆದ್ರೆ ಜವಾಬ್ದಾರಿ ನಿಮ್ದೇ" ಎಂದಳು. ನನ್ನದಲ್ಲದೆ ಇನ್ಯಾರದು? ಇಪ್ಪತ್ತು ಬಕೆಟ್ ಮರಳು ಹೊತ್ತು ತಂದೆವು.

ಜೂನ್ ೩೦, ಮಂಗಳವಾರ

ಪಾಠ ಶುರು. ಬೆನ್ನ ಹಿಂದೆ ನನ್ನನ್ನು ಕೊಡಲಿ ಅಜ್ಜಿ ಎನ್ನುತ್ತಾರೆ. ಮುಂದೆ ಬಂದರೆ ಹೆಲ್ವಿ ಅಜ್ಜಿ. ಎರಡೂ ನನಗೆ ಒಪ್ಪಿಗೆಯೇ.

ಮೂವತ್ತೊಂದು ವರ್ಷ ಹೇಳಿದ್ದನ್ನೇ ಹೇಳಿದೆ. ಹಗ್ಗದೊಳಗೆ ಒಬ್ಬರಿಗೆ ಒಂದೇ ಕೊಡಲಿ. ಕೈ ಚಾಚಿ ಕೊಡಲಿ ಹಿಡಿದು ಸುತ್ತ ತಿರುಗು, ಯಾರಿಗೂ ಯಾವುದಕ್ಕೂ ತಾಗಬಾರದು, ತಲೆಯ ಮೇಲಿನ ಕೊಂಬೆಗೂ ತಾಗಬಾರದು. ಸಣ್ಣವರು ಮಂಡಿಯೂರಿ ಕೂತೇ ಸೌದೆ ಸೀಳಬೇಕು, ಆಗ ಏಟು ತಪ್ಪಿದರೂ ಅಲಗು ನೆಲಕ್ಕೆ ಬೀಳುತ್ತದೆ, ಕಾಲಿಗಲ್ಲ. ಚಾಕು ಕೊಡುವಾಗ ಹಿಡಿಯನ್ನು ಮುಂದೆ ಮಾಡು, ತೆಗೆದುಕೊಳ್ಳುವವನು ಥ್ಯಾಂಕ್ಸ್ ಅಂದ ಮೇಲೇ ಕೈ ಬಿಡು. ಕೊನೆಯದನ್ನು ಎರಡು ಸಲ ಹೇಳಿದೆ: "ಗಾಯ ಆದ್ರೆ, ಏನಾದ್ರೂ ತಪ್ಪಾದ್ರೆ, ಎಷ್ಟೇ ಚಿಕ್ಕದಿರ್ಲಿ, ತಕ್ಷಣ ದೊಡ್ಡೋರಿಗೆ ಹೇಳ್ಬೇಕು. ಬಚ್ಚಿಟ್ರೋ, ಪರವಾನಗಿ ಹರಿದು ಹಾಕ್ತೀನಿ." ಕೊಡಲಿ ಪರವಾನಗಿ ಎಂದರೆ ನನ್ನ ಸಹಿಯ ಒಂದು ಹಳದಿ ಕಾರ್ಡು. ಈ ಮಕ್ಕಳಿಗೆ ಅದರ ಮೇಲೆ ಪ್ರಾಣ.

ಪಿಹ್ಲಾ ಎಂಬ ಹತ್ತು ವರ್ಷದ ಹುಡುಗಿಯ ಕೈ ಚೆನ್ನಾಗಿದೆ. ಆತುರವಿಲ್ಲ. ಪ್ರಶ್ನೆಗಳು ಮಾತ್ರ ಮುಗಿಯುವುದಿಲ್ಲ.

"ಹೆಲ್ವಿ ಅಜ್ಜಿ, ಬೆಂಕಿ ಆರಿದೆ ಅಂತ ಹೇಗೆ ಗೊತ್ತಾಗೋದು?"

"ನೀರು ಹುಯ್ಯಿ, ಕೆದಕು, ಮತ್ತೆ ಹುಯ್ಯಿ. ಆಮೇಲೆ ಬೂದಿಯೊಳಗೆ ಕೈಯಿಟ್ಟು ಇಪ್ಪತ್ತು ಎಣಿಸು. ಕೈ ತೆಗೆಯೋ ಹಾಗಾದ್ರೆ ಇನ್ನೂ ಬದುಕಿದೆ ಅಂತ ಅರ್ಥ."

"ಬೂದಿ ಕೆಳಗೆ ಇರೋದು?"

"ಬೂದಿ ಕೆಳಗೆ ಚಪ್ಪಡಿ, ಚಪ್ಪಡಿ ಕೆಳಗೆ ಮರಳು. ಮುಂದಿನ ಪ್ರಶ್ನೆ?"

ಅಡ್ಡಡ್ಡ ಜೋಡಿಸಿದ ಕಟ್ಟಿಗೆಯ ಮೇಲೆ ಭೂರ್ಜ ಮರದ ತೊಗಟೆಯಿಟ್ಟು ಒಂದೇ ಕಡ್ಡಿಯಲ್ಲಿ ಹೊತ್ತಿಸಿದಳು. ಸಂಜೆ ಸಾಸೇಜು ಸುಟ್ಟೆವು.

ಮಲಗುವ ಮೊದಲು ಅವಳೇ ಬಂದು ಹೆಬ್ಬೆರಳು ತೋರಿಸಿದಳು. ಚಾಕು ತಾಗಿ ಕೂದಲೆಳೆಯಷ್ಟು ಗೀರು. ಯಾರೂ ನೋಡಿರಲಿಲ್ಲ, ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಇಂಥ ಮಗು ಈ ಕಾಲದಲ್ಲಿ ಅಪರೂಪ. ಪಟ್ಟಿ ಅಂಟಿಸಿದೆ. ಇಷ್ಟಕ್ಕೆಲ್ಲ ಅವಘಡದ ಪುಸ್ತಕ ತೆಗೆಯುವುದು ಹುಚ್ಚು, ಸಮಿತಿಯವರು ಓದುವುದು ಸಂಖ್ಯೆಯನ್ನೇ ಹೊರತು ಗೀರನ್ನಲ್ಲ. "ಸಾತು ಕೇಳಿದ್ರೆ ಪೊದೆ ಮುಳ್ಳು ತಾಗ್ತು ಅನ್ನು" ಎಂದೆ. ಹುಡುಗಿ ನನ್ನ ಮುಖವನ್ನೇ ನೋಡಿದಳು. ಪೊದೆಯಲ್ಲಿ ಮುಳ್ಳು ಇದ್ದೇ ಇದೆ, ಪೂರ್ತಿ ಸುಳ್ಳೇನಲ್ಲ.

ಜುಲೈ ೨, ಗುರುವಾರ

ಮೇ ಕೊನೆಯಿಂದ ಒಂದು ಹನಿ ಮಳೆಯಿಲ್ಲ. ಬೆಳಿಗ್ಗೆ ರೇಡಿಯೋದಲ್ಲಿ ಕಾಡ್ಗಿಚ್ಚಿನ ಎಚ್ಚರಿಕೆ ಕೊಟ್ಟರು, ಇನ್ನು ಮುಂದೆ ಬಯಲಲ್ಲಿ ಬೆಂಕಿ ಹಾಕುವ ಹಾಗಿಲ್ಲ. ಮಕ್ಕಳ ಮುಖ ಬಾಡಿತು. ಉರ್ಹೊ ಗ್ಯಾಸ್ ಒಲೆ ಹೊರಗೆ ತೆಗೆದ.

ಎಂಟು ಬಕೆಟ್ ನೀರು ಹುಯ್ದು ಆರಿಸಿದೆವು. ಮಕ್ಕಳ ಎದುರಿಗೇ ಬೂದಿಯಲ್ಲಿ ಕೈಯಿಟ್ಟು ಇಪ್ಪತ್ತು ಎಣಿಸಿ ತೋರಿಸಿದೆ. ಹಿಮದಷ್ಟು ತಣ್ಣಗಿತ್ತು. ಚಪ್ಪಡಿಯೊಂದು ಅರ್ಧಕ್ಕೆ ಸೀಳಿದೆ, ಬಿಸಿ ಕಲ್ಲಿಗೆ ತಣ್ಣೀರು ಬಿದ್ದರೆ ಅಷ್ಟೇ.

ಕೊಡಲಿ ಅಂಗಳದಲ್ಲಿ ಮೂರು ದಿನ, ಒಂದು ಹನಿ ರಕ್ತವಿಲ್ಲ.

ಜುಲೈ ೪, ಶನಿವಾರ

ಪಿಹ್ಲಾ ಬರಿಗಾಲಲ್ಲಿ ಓಡಾಡುತ್ತಾಳೆ ಎಂದು ಬೈಯಲು ಹೋದರೆ ಅವಳೇ ನನ್ನನ್ನು ಕರೆದಳು. ಆರಿಸಿದ ಬೆಂಕಿಯ ಒಲೆಯಿಂದ ಹತ್ತು ಹೆಜ್ಜೆ ಆಚೆ, ಡೇರೆಗಳ ದಿಕ್ಕಿಗೆ ನಿಂತಿದ್ದಳು.

"ಹೆಲ್ವಿ ಅಜ್ಜಿ, ಇಲ್ಲಿ ನೆಲ ಬೆಚ್ಚಗಿದೆ. ನಮ್ಮನೆ ಬಚ್ಚಲುಮನೆ ನೆಲ ಇರತ್ತಲ್ಲ, ಕೆಳಗಡೆ ಕರೆಂಟು ಹಾಕಿರೋದು, ಹಾಗೆ."

"ಬಿಸಿಲು ಬಿದ್ದಿದೆ."

"ಇಲ್ಲಿ ನೆರಳಿದೆ."

"ಬೆಳಿಗ್ಗೆ ಬಿದ್ದಿತ್ತು. ಬೂಟು ಹಾಕ್ಕೋ ಹೋಗು."

ಅವಳು ಹೋದ ಮೇಲೆ ಅಂಗೈಯಿಟ್ಟು ನೋಡಿದೆ. ಒಂದಿಷ್ಟು ಬೆಚ್ಚಗಿತ್ತು, ನಿಜ. ಅಲ್ಲಿನ ನೀಲಿ ಹಣ್ಣಿನ ಗಿಡಗಳ ಎಲೆ ಮುರುಟಿ ಕಂದಾಗಿದೆ. ಈ ಬರಕ್ಕೆ ಎಲ್ಲ ಕಡೆಯೂ ಹಾಗೇ ಇದ್ದೀತು, ನಾನು ಎಲ್ಲ ಕಡೆ ನೋಡಲು ಹೋಗಿಲ್ಲ.

ಸಂಜೆ ಸೂಪು ಬಡಿಸುತ್ತಾ ಉರ್ಹೊ ಮೂಗು ಅರಳಿಸಿದ. "ಹೊಗೆ ವಾಸನೆ ಬರ್ತಿದ್ಯಲ್ಲ?"

"ಸೌನಾ ಸ್ನಾನಕ್ಕೆ ಕೋಣೆ ಕಾಯಿಸಿದ್ದಾರೆ, ಇನ್ನೇನು ಗುಲಾಬಿ ವಾಸನೆ ಬರ್ಬೇಕಾ?" ಎಂದೆ.

"ಸೌನಾ ಹೊಗೆ ಸಿಹಿ ಇರತ್ತೆ ಕಣೇ. ಇದು ಕೊಳೆತ ಹೊಗೆ."

ಎಪ್ಪತ್ತೆರಡು ವರ್ಷದ ಮೂಗು ಅವನದು. ಅದನ್ನು ನಂಬಿಕೊಂಡು ಕೂರಲು ಆಗುತ್ತದೆಯೇ?

ಜುಲೈ ೫, ಭಾನುವಾರ

ಬೆಳಿಗ್ಗೆ ಐದಕ್ಕೇ ಎದ್ದೆ, ನಿದ್ದೆ ಬರಲಿಲ್ಲ. ಒಲೆಯ ಆಚೆ ಹದಿನಾಲ್ಕು ಬಕೆಟ್ ನೀರು ಹುಯ್ದೆ, ಧೂಳು ಬಹಳ ಏಳುತ್ತಿದೆ. ಹುಡುಗಿಯರ ಡೇರೆಯ ಒಂದು ಕಬ್ಬಿಣದ ಗೂಟ ಸಡಿಲವಾಗಿತ್ತು, ಕಿತ್ತು ಮತ್ತೆ ಹೊಡೆದೆ. ಕೀಳುವಾಗ ಕೈಗವಸು ಬೇಕಾಯಿತು. ಕಬ್ಬಿಣ ಬಿಸಿಲಿಗೆ ಬೇಗ ಕಾಯುತ್ತದೆ. ಬಿಸಿಲು ಆಗಷ್ಟೇ ಹುಟ್ಟಿತ್ತು.

ಮಕ್ಕಳು ಏಳುವ ಮೊದಲು ಬಕೆಟ್‌ಗಳನ್ನು ಅವುಗಳ ಜಾಗದಲ್ಲಿಟ್ಟೆ.

ಜುಲೈ ೬, ಸೋಮವಾರ

ಇವತ್ತೂ ಐದಕ್ಕೆ. ಇಪ್ಪತ್ತೆರಡು ಬಕೆಟ್. ಬೆನ್ನು ಎರಡು ಹೋಳಾದ ಹಾಗಿದೆ. ಹುಯ್ದ ನೀರು ಸುಂಯ್ ಎಂದು ಇಂಗಿಹೋಗುತ್ತದೆ, ಎಷ್ಟು ಹಾಕಿದರೂ ಸಾಲದು.

ಹದಿನೆಂಟನೆಯ ಬಕೆಟ್ ಹೊತ್ತು ತಿರುಗಿದರೆ ಪಿಹ್ಲಾ ರಾತ್ರಿ ಅಂಗಿಯಲ್ಲೇ ನಿಂತಿದ್ದಳು, ಕಾಲಿಗೆ ರಬ್ಬರ್ ಬೂಟು.

"ಅದು ಬದುಕಿದೆ ಅಲ್ವಾ ಹೆಲ್ವಿ ಅಜ್ಜಿ? ಬೆಂಕಿ?"

"ಮೆತ್ತಗೆ ಮಾತಾಡು."

"ಸಾತುಗೆ ಹೇಳ್ಲಾ?"

ನಾನು ಬಕೆಟ್ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತೆ. ಮಗುವಿನ ಹತ್ತಿರ ಸುಳ್ಳು ಹೇಳುವ ಜಾತಿ ನನ್ನದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನೋಡು ಪುಟ್ಟಿ, ಹೇಳಿದ್ರೆ ಏನಾಗತ್ತೆ? ಬಸ್ಸು ಬರತ್ತೆ. ಎಲ್ರನ್ನೂ ಮನೆಗೆ ಕಳಿಸ್ತಾರೆ. ಯಾರಿಗೂ ಪರವಾನಗಿ ಸಿಗಲ್ಲ, ಮುಂದಿನ ವರ್ಷ ಅಂಗಳಾನೇ ಇರಲ್ಲ. ನಾನೂ ಇರಲ್ಲ. ಇನ್ನು ನಾಲ್ಕೇ ದಿನ ತಾನೇ? ನಾವಿಬ್ರೂ ಸೇರಿ ನೀರು ಹಾಕಿದ್ರೆ ತಣ್ಣಗಾಗತ್ತೆ."

ಅವಳು ಬೂಟಿನ ತುದಿಯಿಂದ ನೆಲ ಒತ್ತಿ ನೋಡಿದಳು. ಆಮೇಲೆ, "ನಮ್ಮ ಡೇರೆನ ಆ ಕಡೆಗೆ ಹಾಕ್ಬೋದಾ? ಮಲಗಿದ್ರೆ ಬೆನ್ನು ಬಿಸಿಯಾಗತ್ತೆ" ಎಂದಳು.

"ಯಾಕೆ ಅಂತ ಸಾತು ಕೇಳ್ತಾಳಲ್ಲ."

"ಮತ್ತೆ ಬೇಡ."

ನನ್ನ ಜೊತೆ ನಾಲ್ಕು ಬಕೆಟ್ ಹೊತ್ತಳು. ತಿಂಡಿ ಆದ ಮೇಲೆ ಅವಳ ಹಳದಿ ಕಾರ್ಡಿಗೆ ಸಹಿ ಹಾಕಿ ಕೊಟ್ಟೆ, ಉಳಿದವರಿಗೆ ಕೊಡುವುದು ಗುರುವಾರ. ಅವಳು ಆ ಕಾರ್ಡಿಗೆ ಪೂರ್ತಿ ಅರ್ಹಳೇ, ಬೇರೆ ಯಾವ ಕಾರಣವೂ ಇಲ್ಲ. ಯಾಕೋ ಅವಳು ಕುಣಿದಾಡಲಿಲ್ಲ, ಜೇಬಿಗೆ ಹಾಕಿಕೊಂಡು ಸುಮ್ಮನೆ ಹೋದಳು.

ಮಧ್ಯಾಹ್ನ ಎಲ್ಲರಿಗೂ ಸುರಕ್ಷತೆಯ ಪಾಠ ಮತ್ತೆ ಹೇಳಿದೆ. ಒಬ್ಬ ಹುಡುಗ ಕೊಡಲಿಯನ್ನು ಮರದ ಕೊರಡಿಗೆ ಕಚ್ಚಿಸದೆ ನೆಲದ ಮೇಲಿಟ್ಟು ಹೋಗಿದ್ದ. ಅವನನ್ನು ಅಳುವ ತನಕ ಬೈದೆ. ಅಜಾಗರೂಕತೆ ಕಂಡರೆ ನನಗೆ ಮೈ ಉರಿಯುತ್ತದೆ.

ಜುಲೈ ೭, ಮಂಗಳವಾರ

ಮೂವತ್ತು ಬಕೆಟ್. ಹುಡುಗಿಯರ ಡೇರೆಗಳ ಹಿಂದಿನ ದೊಡ್ಡ ಪೈನ್ ಸ್ವಲ್ಪ ವಾಲಿದೆ. ಮೊದಲಿನಿಂದಲೂ ಹಾಗೇ ಇತ್ತೋ ಏನೋ. ಅದರ ಬುಡದಲ್ಲಿ ಇರುವೆಗಳು ಮೊಟ್ಟೆ ಹೊತ್ತುಕೊಂಡು ಸಾಲಾಗಿ ಕೆರೆಯ ಕಡೆ ಹೊರಟಿದ್ದವು.

ಅಂಗಳದಲ್ಲಿ ಇವತ್ತಿಗೂ ರಕ್ತವಿಲ್ಲ. ಇನ್ನು ಮೂರು ದಿನ.

ಜುಲೈ ೮, ಬುಧವಾರ

ಪೇಟೆಯ ಶಾಲೆಯ ಸಭಾಂಗಣದಲ್ಲಿ ಕೂತು ಬರೆಯುತ್ತಿದ್ದೇನೆ. ಮಕ್ಕಳೆಲ್ಲ ಇದ್ದಾರೆ. ಮೂರು ಸಲ ಎಣಿಸಿದೆ. ಇಲ್ಲಿ ಹತ್ತು, ಆಸ್ಪತ್ರೆಯಲ್ಲಿ ಒಂದು.

ಬೆಳಿಗ್ಗೆ ನನಗೆ ಎಚ್ಚರವಾಗಲಿಲ್ಲ. ಮೂರು ದಿನದ ದಣಿವು, ಏಳೂವರೆಗೆ ಉರ್ಹೊ ಗಂಜಿಗೆ ಕೂಗಿದಾಗಲೇ ಎದ್ದದ್ದು. ಮೇಜಿಗೆ ಹೋಗಿ ತಲೆ ಎಣಿಸಿದರೆ ಹತ್ತು. ಯಾರಿಲ್ಲ ಎಂದು ನೋಡುವಷ್ಟರಲ್ಲಿ ಪೈನ್ ಬಿತ್ತು. ಗಾಳಿಯೇ ಇರಲಿಲ್ಲ. ಚಟಪಟ ಎನ್ನಲಿಲ್ಲ, ಬೇರು ಕಿತ್ತ ಸದ್ದಾಗಲಿಲ್ಲ, ಯಾರೋ ಕೆಳಗಿಂದ ಕೈ ಬಿಟ್ಟಂತೆ ಸುಮ್ಮನೆ ಮಲಗಿತು, ಹುಡುಗಿಯರ ಎರಡೂ ಡೇರೆಗಳ ಮೇಲೆ. ಬುಡದಲ್ಲಿ ಬೇರುಗಳೇ ಇರಲಿಲ್ಲ, ಕೆಂಪಗಿನ ಒಂದು ಗುಂಡಿ ಇತ್ತು.

ಪಿಹ್ಲಾ ಕೂಗಿದ್ದು ಆಗ ಕೇಳಿಸಿತು. ಡೇರೆಯೊಳಗಿಂದಲ್ಲ, ಒಲೆಯ ಆಚೆಯಿಂದ. ನಾನು ಬಾರದ್ದನ್ನು ನೋಡಿ ಅವಳೊಬ್ಬಳೇ ನೀರು ಹೊತ್ತು ಹೋಗಿದ್ದಳು. ನೆಲ ಕುಸಿದು ಒಂದು ಕಾಲು ಮಂಡಿಯ ತನಕ ಒಳಗೆ ಹೋಗಿತ್ತು. ಬಕೆಟ್ ಇನ್ನೂ ಕೈಯಲ್ಲೇ ಇತ್ತು, ಬಿಟ್ಟಿರಲಿಲ್ಲ.

ಓಡಿದೆ. ನನ್ನ ಜನ್ಮದಲ್ಲಿ ಹಾಗೆ ಓಡಿದವಳಲ್ಲ. ಹತ್ತಿರ ಹೋದರೆ ನನ್ನ ಕಾಲ ಕೆಳಗೂ ನೆಲ ಮೆತ್ತಗೆ ಅದುರುತ್ತಿತ್ತು. ಹೊಟ್ಟೆಯ ಮೇಲೆ ಮಲಗಿ ತೆವಳಿ ಅವಳ ಎರಡೂ ಕೈ ಹಿಡಿದು ಎಳೆದೆ. ಬೂಟು ಒಳಗೇ ಉಳಿಯಿತು. ಆ ಬೂಟಿನ ತುಂಬ ಕೆರೆ ನೀರು ತುಂಬಿಕೊಂಡಿದ್ದರಿಂದ ಕಾಲು ಉಳಿಯಿತು ಎಂದು ಆಮೇಲೆ ಡಾಕ್ಟರ್ ಹೇಳಿದರು. ಹಿಮ್ಮಡಿಯಿಂದ ಮೀನಖಂಡದ ತನಕ ಸುಟ್ಟಿದೆ. ಅವಳನ್ನು ಎದೆಗೆ ಅವುಚಿಕೊಂಡು ಅತ್ತುಬಿಟ್ಟೆ, ಎಲ್ಲರ ಎದುರಿಗೆ. ಅವಳು ಅಳಲಿಲ್ಲ. "ಸಾಲಲಿಲ್ಲ ಹೆಲ್ವಿ ಅಜ್ಜಿ, ನೀರು ಸಾಲಲಿಲ್ಲ" ಎಂದಷ್ಟೇ ಕಿವಿಯಲ್ಲಿ ಹೇಳುತ್ತಿದ್ದಳು.

ಅಷ್ಟರಲ್ಲಿ ಆರೇಳು ಕಡೆ ನೆಲದಿಂದ ಹೊಗೆ ಎದ್ದು, ಬಿದ್ದ ಮರಕ್ಕೆ ಜ್ವಾಲೆ ಹತ್ತಿತು. ಸಾತು ಒಂದು ಮಾತೂ ಹೆಚ್ಚು ಆಡದೆ ಮಕ್ಕಳನ್ನು ದೋಣಿಗಳಲ್ಲಿ ಕೂರಿಸಿ ಆಚೆ ದಡಕ್ಕೆ ಸಾಗಿಸಿದಳು. ಚೆನ್ನಾಗಿಯೇ ಮಾಡಿದಳು, ನನ್ನ ಹತ್ತಿರ ಕಲಿತವಳು. ಆಚೆ ದಡದಿಂದ ನೋಡಿದರೆ ಕೊಡಲಿ ಅಂಗಳದ ಹಗ್ಗ ಒಂದು ತುದಿಯಿಂದ ಇನ್ನೊಂದು ತುದಿಗೆ ಉರಿದು ಹೋಗುವುದು ಕಾಣುತ್ತಿತ್ತು.

ಹುಡುಗಿಯರಲ್ಲಿ ಒಬ್ಬಳು ಐದು ನಿಮಿಷ ತಡವಾಗಿ ಎದ್ದಿದ್ದರೆ. ಇದನ್ನು ಬರೆದು ಮುಗಿಸಲು ನನ್ನಿಂದಾಗದು.

ಜುಲೈ ೧೦, ಶುಕ್ರವಾರ

ಬೆಂಕಿಯನ್ನು ಹತೋಟಿಗೆ ತಂದಿದ್ದಾರಂತೆ. ಆದರೂ ಮಣ್ಣೊಳಗೆ ಇನ್ನೂ ವಾರಗಟ್ಟಲೆ ಉರಿಯುತ್ತದೆ, ಸುತ್ತಲೂ ಕಾಲುವೆ ತೋಡಬೇಕು ಎನ್ನುತ್ತಾರೆ.

ಮಧ್ಯಾಹ್ನ ಪಿಹ್ಲಾಳನ್ನು ನೋಡಲು ಆಸ್ಪತ್ರೆಗೆ ಹೋದೆ, ದಾಲ್ಚಿನ್ನಿ ಬನ್ನು ತೆಗೆದುಕೊಂಡು. ಉರ್ಹೊ ಬಾಗಿಲಲ್ಲಿ ಎದುರಾದ. ನಾನು ಮಾತಾಡಿಸಿದೆ, ಅವನು ಟೋಪಿ ಹಾಕಿಕೊಂಡು ಹೊರಟುಹೋದ. ಕಿವಿ ಮಂದವಾಗಿದೆ ಅವನಿಗೆ. ಒಳಗೆ ಪಿಹ್ಲಾಳ ಅಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, "ನೀವಿಲ್ದೇ ಇದ್ದಿದ್ರೆ ನನ್ನ ಮಗಳು ಇವತ್ತು ಇರ್ತಿರ್ಲಿಲ್ಲ" ಎಂದು ಅತ್ತಳು. ಬೆನ್ನು ತಟ್ಟಿದೆ.

ಅಗ್ನಿಶಾಮಕದ ಅಧಿಕಾರಿ ಅಲ್ಲಿಗೇ ಬಂದ. ಒಳ್ಳೆಯ ಮನುಷ್ಯ, ಮೆತ್ತಗೆ ಮಾತಾಡುತ್ತಾನೆ. ಪೆನ್ನು ತೆಗೆದು ಮೊದಲು ನನ್ನನ್ನು ಕೇಳಿದ. "ನೆಲ ಬಿಸಿಯಾಗಿದ್ದು, ಹೊಗೆ, ಇದೆಲ್ಲ ನಿಮಗೆ ಮೊದಲು ಗೊತ್ತಾಗಿದ್ದು ಯಾವಾಗಮ್ಮ?"

"ಬುಧವಾರ ಬೆಳಿಗ್ಗೆ, ಮರ ಬಿದ್ದಾಗ" ಎಂದೆ. ಹಾಗೆ ಗೊತ್ತಾದದ್ದು, ಖಚಿತವಾಗಿ ಗೊತ್ತಾದದ್ದು, ಆಗಲೇ ತಾನೇ?

ಅವನು ಮಂಚದ ಕಡೆ ತಿರುಗಿದ. "ನಿನ್ನ ಕೈಯಲ್ಲಿ ಬಕೆಟ್ ಯಾಕಿತ್ತು ಮರಿ?"

ಸುಟ್ಟ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದ ಪಿಹ್ಲಾ ನನ್ನ ಕಡೆ ನೋಡಲಿಲ್ಲ. ಅವನ ಕಣ್ಣಿಗೆ ಕಣ್ಣು ಕೊಟ್ಟೇ ಉತ್ತರ ಕೊಟ್ಟಳು.

"ಗಂಜಿ ಪಾತ್ರೆ ತೊಳೆಯೋಕೆ. ಅವತ್ತು ನನ್ನ ಪಾಳಿ ಇತ್ತು."

"ಅದಕ್ಕೆ ಮುಂಚೆ ಯಾವತ್ತಾದ್ರೂ ಅಲ್ಲಿ ನೆಲ ಬಿಸಿ ಅನ್ನಿಸಿತ್ತಾ?"

"ಇಲ್ಲ. ಅವತ್ತೇ ಮೊದಲು. ಹೆಲ್ವಿ ಅಜ್ಜಿ ತಕ್ಷಣ ಓಡಿ ಬಂದ್ರು."

ಅವನು ಬರೆದುಕೊಂಡು, ಅವಳ ತಲೆ ಸವರಿ ಹೋದ. ಸಂಜೆ ಸಮಿತಿಯವರು ಫೋನ್ ಮಾಡಿದ್ದರು. ಬರಗಾಲಕ್ಕೆ ಯಾರೇನು ಮಾಡಲಾಗುತ್ತದೆ, ಕೊಡಲಿ ಅಂಗಳದಲ್ಲಂತೂ ಈ ಸಲ ಒಂದೂ ಅವಘಡವಿಲ್ಲ, ಮುಂದಿನ ಬೇಸಿಗೆಗೂ ಬನ್ನಿ ಎಂದರು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಒಂದೇ ಒಂದು ಮನಸ್ಸಿನಿಂದ ಹೋಗುತ್ತಿಲ್ಲ. ಆ ಹುಡುಗಿಯ ಮುಖ. ರೆಪ್ಪೆ ಬಡಿಯಲಿಲ್ಲ, ದನಿ ನಡುಗಲಿಲ್ಲ, ಪಾತ್ರೆ ತೊಳೆಯುವ ಪಾಳಿ ಅವತ್ತು ಹುಡುಗರದು. ಹತ್ತು ವರ್ಷದ ಮಗು ಅಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ಎಲ್ಲಿ ಕಲಿಯಿತೋ. ಮನೆಯವರು ಸ್ವಲ್ಪ ಗಮನ ಕೊಡಬೇಕು.